ಹತ್ತನೆಯ ಪೈಲ್ವಾನ

ಮೆಡ್ಲೋ ಕಾಲೇಜಿನ ಕುಸ್ತಿ ತಂಡವನ್ನು ಯಾರೂ ಮುಚ್ಚಲಿಲ್ಲ. ನಮ್ಮ ಕಾಲೇಜಿನ ಅಧ್ಯಕ್ಷ ಗ್ರಿಂಡಲ್ ಈ ಮಾತನ್ನು ಯಾರ ಮುಂದೆ ಬೇಕಾದರೂ ಎದೆ ತಟ್ಟಿಕೊಂಡು ಹೇಳುತ್ತಾನೆ. ಸುಳ್ಳೂ ಅಲ್ಲ. ಅದಕ್ಕೇ ನನಗೆ ಇನ್ನೂ ಮೈ ಉರಿಯುವುದು. ಯಾರಾದರೂ ಮುಚ್ಚಿದ್ದರೆ ಬಾಯಿ ತುಂಬ ಬೈಯುವುದಕ್ಕೆ ಒಬ್ಬ ಆಸಾಮಿಯಾದರೂ ಸಿಗುತ್ತಿದ್ದ.

ನಾನು ಲವೋನ್ ಐಮರ್. ಊರಿನಲ್ಲಿ ನನಗೆ ಟವೆಲ್ ಅಜ್ಜಿ ಅಂತ ಹೆಸರು. ಕುಸ್ತಿ ನಡೆಯುವಾಗ ಗಡಿಯಾರದ ಮೇಜಿನ ಹಿಂದೆ ಕೂತು, ಸುತ್ತು ಮುಗಿದ ಕೂಡಲೇ, ಉಂಡೆ ಮಾಡಿ ಟೇಪು ಬಿಗಿದ ಟವೆಲನ್ನು ರೆಫ್ರಿಯ ಬೆನ್ನಿಗೆ ಎಸೆಯುವುದು ನನ್ನ ಕೆಲಸ. ಜನರ ಗಲಾಟೆಯಲ್ಲಿ ಗಂಟೆ ಹೊಡೆದದ್ದು ಅವನಿಗೆ ಕೇಳುವುದಿಲ್ಲ. ಬೆನ್ನಿಗೆ ಬಿದ್ದ ಟವೆಲು ಮಾತ್ರ ಗೊತ್ತಾಗುತ್ತದೆ. ಒಮ್ಮೆ ಒಬ್ಬ ರೆಫ್ರಿಯ ಕನ್ನಡಕ ಹಾರಿಸಿದ್ದೆ. ನಮ್ಮ ಹುಡುಗನಿಗೆ ಮೋಸ ಮಾಡಿದ್ದ, ಅವನಿಗೆ ಅದು ಆಗಬೇಕಾದದ್ದೇ.

ಕೋಚ್ ಮೆರ್ಲ್ ನನ್ನ ತಮ್ಮ. ತಂಡದ ಮುಖ್ಯ ಪೈಲ್ವಾನ ವೇಲನ್ ನನ್ನ ಮಗಳ ಮಗ. ಮಗಳು ಕೆಲಸ ಹುಡುಕಿಕೊಂಡು ಡೆನ್ವರಿಗೆ ಹೋದ ಮೇಲೆ ಹುಡುಗ ನನ್ನ ಮನೆಯಲ್ಲಿ ಬೆಳೆದ. ಮೆರ್ಲ್‌ನ ಕುಸ್ತಿ ಚಾಪೆಯ ಮೇಲೆ ಬೆಳೆದ ಅಂದರೂ ಸರಿಯೇ. ಅಂಬೆಗಾಲಿಡುವಾಗಲೇ ಮೆರ್ಲ್ ಅವನ ಕಾಲು ಹಿಡಿದೆಳೆದು ಉರುಳಿಸಿ ಪಟ್ಟು ಕಲಿಸುತ್ತಿದ್ದ. ವೇಲನ್ ಅವನನ್ನು ಕರೆಯುತ್ತಿದ್ದದ್ದು ಕೋಚ್ ಅಂತ. ಚಾಪೆಯ ಮೇಲೂ ಕೋಚ್, ಭಾನುವಾರ ನನ್ನ ಊಟದ ಮೇಜಿನಲ್ಲೂ ಕೋಚ್. ತಾತ ಅನ್ನೋ ಅಂತ ನಾನು ಎಷ್ಟು ತಿದ್ದಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕುಸ್ತಿಯವರಲ್ಲಿ ಒಂದು ಪದ್ಧತಿ ಇದೆ. ಕೊನೆಯ ಕುಸ್ತಿ ಮುಗಿಸಿದ ಪೈಲ್ವಾನ ಚಾಪೆಯ ನಡುವೆ ಕೂತು ಶೂ ಬಿಚ್ಚುತ್ತಾನೆ, ಎರಡನ್ನೂ ಜೋಡಿಸಿ ಅಲ್ಲೇ ಇಡುತ್ತಾನೆ, ಕಾಲುಚೀಲದಲ್ಲಿ ಆಚೆ ನಡೆದುಹೋಗುತ್ತಾನೆ. ಇನ್ನು ನಾನು ಕಣಕ್ಕೆ ಇಳಿಯುವುದಿಲ್ಲ ಅಂತ ಅದರ ಅರ್ಥ. ಇಷ್ಟು ಎಲ್ಲ ಕಡೆಯೂ ಇದೆ. ಮೆಡ್ಲೋದಲ್ಲಿ ಮೆರ್ಲ್ ಅದಕ್ಕೆ ತನ್ನದೂ ಸ್ವಲ್ಪ ಸೇರಿಸಿದ್ದ. ಆ ಶೂಗಳನ್ನು ಕೋಚ್ ಒಬ್ಬನೇ ಎತ್ತಬೇಕು. ಅಭ್ಯಾಸದ ಕೋಣೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಬೇಕು. ಗೋಡೆಗೆ ಹತ್ತಿದ ಶೂ ಮತ್ತೆ ಇಳಿಯಬಾರದು. ಆ ಗೋಡೆ ನೋಡುವುದಕ್ಕೆಂದೇ ಸುತ್ತಲಿನ ಊರುಗಳ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು.

ಮೆರ್ಲ್ ಇದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದ ಅನ್ನುವುದಕ್ಕೆ ಡ್ವೈಟ್ ಆಸ್ಬಿಯ ಕತೆ ಒಂದು ಸಾಕು. ಡ್ವೈಟ್ ಒಳ್ಳೆಯ ಪೈಲ್ವಾನ. ಭುಜ ಕಿತ್ತುಹೋಯಿತು, ಡಾಕ್ಟರು ಇನ್ನು ಕುಸ್ತಿ ಬೇಡ ಅಂದರು, ಹುಡುಗ ಅಳುತ್ತಾ ಚಾಪೆಯ ಮೇಲೆ ಶೂ ಇಟ್ಟ. ಬೇಸಿಗೆಯಲ್ಲಿ ಭುಜ ಕೂಡಿಕೊಂಡಿತು. ಬೇಸಿಗೆ ಕಳೆದು ಅಭ್ಯಾಸ ಶುರುವಾದ ದಿನ ಅವನು ಬಂದು ಬಾಗಿಲಲ್ಲಿ ನಿಂತ. ಮೆರ್ಲ್ ಅವನನ್ನು ನೋಡಿದ. ನಿನ್ನ ಶೂ ಗೋಡೆ ಮೇಲಿದೆ ಡ್ವೈಟ್ ಅಂದ, ಸೀಟಿ ಊದಿ ಅಭ್ಯಾಸ ಮುಂದುವರಿಸಿದ. ಡ್ವೈಟ್ ಅಪ್ಪನ ದನದ ಫಾರಮ್ಮಿಗೆ ವಾಪಸು ಹೋದವನು ಮತ್ತೆ ಯಾವ ಕುಸ್ತಿಗೂ ಬರಲಿಲ್ಲ. ಒಂದು ಜೊತೆ ಚರ್ಮಕ್ಕೆ ಇಷ್ಟು ಸೊಕ್ಕು ಒಳ್ಳೆಯದಲ್ಲ ಕಣೋ ಅಂತ ನಾನು ಅವತ್ತೇ ಮೆರ್ಲ್‌ಗೆ ಉಗಿದೆ. ಹುಡುಗರು ನೋಡುತ್ತಿದ್ದರು ಅಕ್ಕಾ ಅಂತಷ್ಟೇ ಹೇಳಿದ.

ಆಮೇಲೆ ಗ್ರಿಂಡಲ್ ಬಂದ. ಸಮುದ್ರದ ಕಡೆಯ ಊರಿನವನು, ಹಲ್ಲು ತುಂಬ ಬೆಳ್ಳಗೆ. ಬಂದ ವರ್ಷವೇ ಅವನಿಗೆ ನಮ್ಮ ಆಟೋಟಗಳ ಒಕ್ಕೂಟ ಸಣ್ಣದಾಗಿ ಕಂಡಿತು. ಬಯಲುನಾಡಿನ ಹತ್ತಾರು ಕಾಲೇಜುಗಳು ಸೇರಿ ಮಾಡಿಕೊಂಡ ಒಕ್ಕೂಟ ನಮ್ಮದು. ಒಬ್ಬರ ಊರಿಗೆ ಇನ್ನೊಬ್ಬರು ಬಸ್ಸಿನಲ್ಲಿ ಹೋಗಿ ಆಡಿ, ಅಲ್ಲಿನ ಚರ್ಚಿನ ನೆಲಮಾಳಿಗೆಯಲ್ಲಿ ಊಟ ಮಾಡಿ ಬರುತ್ತಿದ್ದೆವು. ಎದುರಾಳಿ ತಂಡದಲ್ಲಿ ಯಾರಾದರೊಬ್ಬರ ಸೋದರಳಿಯ ಇದ್ದೇ ಇರುತ್ತಿದ್ದ. ಗ್ರಿಂಡಲ್‌ಗೆ ಬೇಕಾದದ್ದು ವೆಸ್ಟರ್ನ್ ಸಮಿಟ್ ಅನ್ನುವ ದೊಡ್ಡ ಒಕ್ಕೂಟ. ಅವರ ಫುಟ್‌ಬಾಲು, ಬ್ಯಾಸ್ಕೆಟ್‌ಬಾಲು ಟೀವಿಯಲ್ಲಿ ಬರುತ್ತದೆ, ಹುಡುಗರು ವಿಮಾನದಲ್ಲಿ ಓಡಾಡುತ್ತಾರೆ. ಅಲ್ಲಿ ಕುಸ್ತಿ ಮಾತ್ರ ಇಲ್ಲ. ಅಲ್ಲಿಗೆ ಸೇರಿದರೆ ನಮ್ಮ ಪೈಲ್ವಾನರಿಗೆ ಎದುರಾಳಿಗಳೇ ಇರುವುದಿಲ್ಲ, ತಂಡ ಇಟ್ಟುಕೊಂಡು ಏನು ಮಾಡುವುದು?

ಜನವರಿಯ ಒಂದು ಮಧ್ಯಾಹ್ನ ಗ್ರಿಂಡಲ್ ಮೆರ್ಲ್‌ನನ್ನು ಕರೆಸಿ ಬಾಗಿಲು ಹಾಕಿಕೊಂಡು ಹೇಳಿದ. ಸಮಿಟ್‌ನವರು ನಮ್ಮನ್ನೂ ಇನ್ನೊಂದು ಕಾಲೇಜನ್ನೂ ನೋಡುತ್ತಿದ್ದಾರೆ. ವಸಂತದ ಹೊತ್ತಿಗೆ ತೀರ್ಮಾನವಾಗುತ್ತದೆ. ಅಲ್ಲಿಯ ತನಕ ಹುಡುಗರ ಕಿವಿಗೆ ಒಂದು ಅಕ್ಷರ ಬೀಳಬಾರದು. ಮೆರ್ಲ್ ಅಲ್ಲಿಂದ ನೆಟ್ಟಗೆ ನನ್ನ ಅಡುಗೆಮನೆಗೆ ಬಂದ. ಟೋಪಿ ತೆಗೆಯದೆ ಒಳಗೆ ಬಂದದ್ದನ್ನು ನೋಡಿಯೇ ಏನೋ ಕೆಟ್ಟದ್ದಾಗಿದೆ ಅಂತ ನನಗೆ ಗೊತ್ತಾಯಿತು. ಒಲೆಯಲ್ಲಿ ಬೇಯಲಿಟ್ಟಿದ್ದ ಮಾಂಸ ಆಲೂಗಡ್ಡೆಯ ಹಾಟ್‌ಡಿಶ್ ಹೊತ್ತುವ ತನಕ ಇಬ್ಬರೂ ಅದೇ ಮಾತಾಡಿದೆವು.

"ಹುಡುಗ್ರಿಗೆ ಹೇಳ್ಬೇಕು ಅಕ್ಕಾ," ಅಂದ.

"ಏನೂ ಹೇಳ್ಬೇಡ. ಅವರು ನಮ್ಮನ್ನ ಕರೀತಾರೋ ಇಲ್ವೋ ದೇವರಿಗೇ ಗೊತ್ತು. ಆಗ್ದೇ ಇರೋದಕ್ಕೆ ಈಗ್ಲೇ ಯಾಕೆ ಹುಡುಗ್ರನ್ನ ಓಡಿಸ್ತೀಯ?"

"ವಸಂತ ಬಂದ್ಮೇಲೆ ಹೇಳಿದ್ರೆ ಬೇರೆ ಕಾಲೇಜಲ್ಲಿ ಜಾಗ ಎಲ್ಲಿ ಉಳಿದಿರತ್ತೆ? ಅವರ ವರ್ಷ ಹಾಳಾಗಲ್ವಾ? ಇಷ್ಟು ದಿನ ಅವರ ಹತ್ರ ಏನೂ ಮುಚ್ಚಿಟ್ಟೋನಲ್ಲ ನಾನು."

ಮಾರನೆಯ ದಿನ ಹೇಳಿಬಿಟ್ಟ. ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿ, ನಿಮ್ಮ ದಾರಿ ನೋಡಿಕೊಳ್ಳಿ, ನಾನು ಯಾರನ್ನೂ ತಪ್ಪು ತಿಳಿಯುವುದಿಲ್ಲ ಅಂದ. ಅದನ್ನು ತಪ್ಪು ಅಂತ ನಾನು ಹೇಗೆ ಹೇಳಲಿ? ವಾರದೊಳಗೆ ಬೇರೆ ಕಾಲೇಜುಗಳ ಕೋಚುಗಳು ಫೋನು ಮಾಡತೊಡಗಿದರು. ಒಬ್ಬ ಮಿನೆಸೋಟಕ್ಕೆ ಹೋಗುತ್ತೇನೆಂದ, ಇಬ್ಬರು ನೆಬ್ರಾಸ್ಕಕ್ಕೆ. ಹೇಳುವಾಗ ಎಲ್ಲರೂ ಮೆರ್ಲ್‌ನ ಕುತ್ತಿಗೆಗೆ ಜೋತುಬಿದ್ದು ಅತ್ತರು. ವೇಲನ್ ಮಾತ್ರ ಏನೂ ಹೇಳಲಿಲ್ಲ. ಅವನಿಗೆ ಇನ್ನೊಂದು ವರ್ಷ ಆಡುವ ಅವಕಾಶ ಬಾಕಿ ಇತ್ತು. ದೇಶದ ಪಂದ್ಯದಲ್ಲಿ ಪದಕದ ಅಂಚಿಗೆ ಹೋಗಿ ಬಂದಿದ್ದ. ಎಲ್ಲರಿಗಿಂತ ಹೆಚ್ಚು ಫೋನು ಬಂದದ್ದು ಅವನಿಗೇ. ನನ್ನ ಮನೆಯ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು, ಅವನು ಎತ್ತುತ್ತಿರಲಿಲ್ಲ.

ಆ ಚಳಿಗಾಲದ ಕೊನೆಯ ಕುಸ್ತಿ ನಮ್ಮ ಕಾಲೇಜಿನಲ್ಲೇ, ಪಕ್ಕದ ಜಿಲ್ಲೆಯ ಬ್ರಿಸ್ಕೋ ಕಾಲೇಜಿನ ಮೇಲೆ. ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುದ್ದಿ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ಜನ ಕುಸ್ತಿ ನೋಡಲು ಬಂದಿದ್ದರೋ ಸಾವಿನ ಮನೆಗೆ ಬಂದಿದ್ದರೋ ಹೇಳುವುದು ಕಷ್ಟ. ವೇಲನ್ ಎರಡನೆಯ ಸುತ್ತಿನಲ್ಲೇ ಎದುರಾಳಿಯನ್ನು ಚಿತ್ ಮಾಡಿದ. ರೆಫ್ರಿ ಅವನ ಕೈ ಎತ್ತಿ ಹಿಡಿದ, ಜನ ಕುಣಿದರು. ವೇಲನ್ ಚಾಪೆಯ ನಡುವೆ ಕೂತುಕೊಂಡ. ಲೇಸು ಬಿಚ್ಚಿರಬೇಕು, ಕಟ್ಟಿಕೊಳ್ಳುತ್ತಿದ್ದಾನೆ ಅಂತ ನಾನು ಅಂದುಕೊಂಡೆ. ಅವನು ಒಂದು ಶೂ ತೆಗೆದು ಪಕ್ಕಕ್ಕಿಟ್ಟ, ಆಮೇಲೆ ಇನ್ನೊಂದು. ಎರಡನ್ನೂ ಹಿಮ್ಮಡಿಗೆ ಹಿಮ್ಮಡಿ ಜೋಡಿಸಿ ಎದ್ದು ನಡೆದ. ಸಭಾಂಗಣದಲ್ಲಿ ಎಲ್ಲರೂ ಎದ್ದು ನಿಂತರು. ಬ್ರಿಸ್ಕೋದವರೂ ನಿಂತರು.

ಕೋಚ್ ಎತ್ತಬೇಕಲ್ಲ, ಮೆರ್ಲ್ ಹೋದ. ಲೇಸು ಹಿಡಿದು ಎತ್ತಿದ. ನಾನು ಮೇಜಿನ ಹಿಂದೆ ಟವೆಲಿಗೆ ಮುಖ ಒತ್ತಿಕೊಂಡು ಅತ್ತೆ. ಮನೆಗೆ ಬಂದ ಮೇಲೆ ದುಃಖ ಹೋಗಿ ಸಿಟ್ಟು ಬಂತು. ತಲೆ ನೆಟ್ಟಗಿದೆಯೇನೋ, ಒಂದು ವರ್ಷ ಕೈಯಲ್ಲಿಟ್ಟುಕೊಂಡು ಹೀಗೆ ಮಾಡುತ್ತಾರಾ, ಎಲ್ಲಿಗಾದರೂ ಹೋಗಿ ಆಡಬಹುದಿತ್ತಲ್ಲ ಅಂತ ಕೂಗಾಡಿದೆ. ಇನ್ನೊಬ್ಬರ ಜೆರ್ಸಿ ಹಾಕಿಕೊಂಡು ಆಡುವುದಿಲ್ಲ ಅಜ್ಜಿ ಅಂದ, ಕೋಣೆಗೆ ಹೋಗಿ ಮಲಗಿಕೊಂಡ. ಇಪ್ಪತ್ತೊಂದು ವರ್ಷದವನು. ಆ ವಯಸ್ಸಿನಲ್ಲಿ ಎಲ್ಲವೂ ಶಾಶ್ವತ ಅನ್ನಿಸುತ್ತದೆ.

ಏಪ್ರಿಲ್‌ನಲ್ಲಿ ನಾನು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಊರಿನ ರೇಡಿಯೋ ಕೇಳುತ್ತಿದ್ದೆ. ವೆಸ್ಟರ್ನ್ ಸಮಿಟ್‌ನವರು ಇನ್ನೊಂದು ಕಾಲೇಜನ್ನು ಆರಿಸಿಕೊಂಡರು ಅಂತ ಸುದ್ದಿ ಬಂತು. ಹಿಂದೆಯೇ ಗ್ರಿಂಡಲ್‌ನ ಧ್ವನಿ. ನಾವು ಬಯಲುನಾಡಿನ ಮಕ್ಕಳು, ನಮ್ಮ ಒಕ್ಕೂಟವೇ ನಮ್ಮ ಮನೆ, ನಾವೆಲ್ಲಿಗೂ ಹೊರಟಿರಲಿಲ್ಲ, ಸುಮ್ಮನೆ ವಿಚಾರ ಮಾಡುತ್ತಿದ್ದೆವು ಅಷ್ಟೇ. ನಮ್ಮ ಎಲ್ಲ ತಂಡಗಳೂ ಇದ್ದ ಹಾಗೆ ಇರುತ್ತವೆ, ನಮ್ಮ ಹೆಮ್ಮೆಯ ಕುಸ್ತಿ ತಂಡವೂ ಕೂಡ! ಕೈಯಲ್ಲಿದ್ದ ಆಲೂಗಡ್ಡೆಯನ್ನು ರೇಡಿಯೋಕ್ಕೆ ಬೀಸಿದೆ. ನನ್ನ ಗುರಿ ತಪ್ಪುವುದಿಲ್ಲ. ರೇಡಿಯೋ ಗಿರ್ರನೆ ತಿರುಗಿ, ಗೋಡೆಯ ಕಡೆ ಮುಖ ಮಾಡಿಕೊಂಡು ಹವಾಮಾನ ಹೇಳತೊಡಗಿತು.

ಹೆಮ್ಮೆಯ ಕುಸ್ತಿ ತಂಡದಲ್ಲಿ ಆಗ ಉಳಿದಿದ್ದವರು ಐದು ಜನ. ಎಲ್ಲೂ ಕರೆ ಬಾರದವರು, ಇಲ್ಲವೇ ಮನೆಯ ಕಷ್ಟದಿಂದ ಊರು ಬಿಡಲಾಗದವರು. ಹೋದವರನ್ನು ವಾಪಸು ಕರೆಯಲು ಆಗದು, ಅವರು ಬೇರೆಯವರಿಗೆ ಮಾತು ಕೊಟ್ಟಾಗಿತ್ತು. ಬೇಸಿಗೆಯಿಡೀ ಮೆರ್ಲ್ ಪಿಕಪ್ ಹತ್ತಿ ಹೈಸ್ಕೂಲುಗಳಿಗೆ, ಫಾರಮ್ಮುಗಳಿಗೆ ಅಲೆದ. ತಂಡ ಇರುತ್ತದೆ, ನನ್ನ ಮಾತು ನಂಬಿ ಅಂತ ತಾಯಂದಿರ ಮುಂದೆ ಹೇಳಿ ನಾಲ್ವರನ್ನು ಹಿಡಿದು ತಂದ. ಅವರಲ್ಲಿ ಇಬ್ಬರು ಒಳ್ಳೆಯ ಕಾಲೇಜು ಬಿಟ್ಟು ಇವನನ್ನು ನಂಬಿ ಬಂದವರು. ಇನ್ನೊಬ್ಬ ಕರ್ಟ್ ಆಸ್ಬಿ, ಡ್ವೈಟ್‌ನ ತಮ್ಮ. ಅವನೇ ಬಂದು ಸೇರಿಸಿಕೊಳ್ಳಿ ಅಂದ. ಅಣ್ಣ ಹಾಕಬೇಕಾಗಿದ್ದ ಜೆರ್ಸಿಯನ್ನು ತಾನು ಹಾಕಬೇಕು ಅಂತ ಅವನ ಮನಸ್ಸಿನಲ್ಲಿತ್ತು.

ಒಂಬತ್ತು ಜನ. ಕುಸ್ತಿಗೆ ಬೇಕಾದದ್ದು ಹತ್ತು. ತೂಕದ ವರ್ಗಗಳು ಹತ್ತು, ಒಂದೊಂದಕ್ಕೆ ಒಬ್ಬೊಬ್ಬ. ಗ್ರಿಂಡಲ್ ಮೆರ್ಲ್‌ನನ್ನು ಮತ್ತೆ ಕರೆಸಿದ. ಅಭ್ಯಾಸ ಶುರುವಾಗುವ ದಿನ ನಾನೇ ಬರುತ್ತೇನೆ, ಹತ್ತು ಜನ ಚಾಪೆಯ ಮೇಲೆ ನಿಂತಿದ್ದರೆ ಆನಂದ, ಇಲ್ಲದಿದ್ದರೆ ಈ ವರ್ಷ ತಂಡಕ್ಕೆ ವಿರಾಮ ಅಂದ. ವಿರಾಮ ಅಂದರೆ ಏನು ಅಂತ ಮೆಡ್ಲೋದಲ್ಲಿ ಎಲ್ಲರಿಗೂ ಗೊತ್ತಿತ್ತು. ಈಜಿನ ತಂಡಕ್ಕೆ ವಿರಾಮ ಕೊಟ್ಟ ವರ್ಷವೇ ಕೊಳಕ್ಕೆ ಮಣ್ಣು ತುಂಬಿದ್ದರು.

ಹತ್ತನೆಯವನು ಯಾರು ಅನ್ನುವುದೂ ಎಲ್ಲರಿಗೂ ಗೊತ್ತಿತ್ತು. ವೇಲನ್ ಆ ಬೇಸಿಗೆ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗಿಸುವ ಕೆಲಸ ಮಾಡುತ್ತಿದ್ದ. ಕಾಲೇಜಿನ ಕೊನೆಯ ವರ್ಷದ ಓದು ಹೇಗೂ ಇತ್ತು. ಸಂಜೆ ಬಂದವನು ಜಲ್ಲಿ ರಸ್ತೆಯ ಮೇಲೆ ಓಡುತ್ತಿದ್ದ. ನಾನು ಮಾಡಿಟ್ಟ ಸಿಹಿಯನ್ನು ಮುಟ್ಟುತ್ತಿರಲಿಲ್ಲ, ತೂಕ ಏರಗೊಡುತ್ತಿರಲಿಲ್ಲ. ಯಾಕೋ ಇದೆಲ್ಲ ಅಂತ ಕೇಳಿದರೆ ಸುಮ್ಮನೆ ಅನ್ನುತ್ತಿದ್ದ. ಭಾನುವಾರ ಚರ್ಚು ಬಿಟ್ಟ ಮೇಲೆ ಮೆರ್ಲ್ ಊಟಕ್ಕೆ ಬರುತ್ತಿದ್ದ. ಇಬ್ಬರೂ ಎದುರುಬದುರು ಕೂತು ಗೋಧಿಯ ಪೈರಿನ ಬಗ್ಗೆ, ಆಲಿಕಲ್ಲಿನ ಬಗ್ಗೆ, ಯಾರದೋ ಟ್ರ್ಯಾಕ್ಟರಿನ ಬಗ್ಗೆ ಮಾತಾಡುತ್ತಿದ್ದರು. ನನಗೆ ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟಬೇಕು ಅನ್ನಿಸುತ್ತಿತ್ತು.

ಕೊನೆಗೆ ವೇಲನ್‌ನನ್ನು ಅಂಗಳದಲ್ಲಿ ತಡೆದು ನಿಲ್ಲಿಸಿ ಕೇಳಿದೆ. "ಕೋಚ್ ಒಂದು ಮಾತು ಹೇಳ್ಲಿ ಅಜ್ಜಿ," ಅಂದ. "ಒಂದೇ ಮಾತು. ಆಗ ಬರ್ತೀನಿ. ನಾನಾಗಿ ಹೋಗಿ ಬಾಗಿಲಲ್ಲಿ ನಿಲ್ಲಲ್ಲ. ಡ್ವೈಟ್ ನಿಂತಿದ್ದನ್ನ ನೋಡಿದೀನಿ."

ಅಲ್ಲಿಂದ ಮೆರ್ಲ್‌ನ ಮನೆಗೆ ಹೋದೆ. ಅವನು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಆಪರೇಷನ್ ಆದ ಆ ಕಾಲಿನಲ್ಲಿ ಅರ್ಧಕ್ಕರ್ಧ ಉಕ್ಕು.

"ಹೇಳಕ್ಕಾಗಲ್ಲ ಅಕ್ಕಾ. ಡ್ವೈಟ್‌ಗೆ ಇಲ್ಲ ಅಂದೋನು ನಾನು. ಈಗ ನನ್ನ ಅಕ್ಕನ ಮೊಮ್ಮಗನಿಗೆ ಬಾ ಅಂದ್ರೆ, ಆ ಕರ್ಟ್ ಅಲ್ಲೇ ನಿಂತಿರ್ತಾನೆ, ಅವನ ಮುಖ ಹೇಗೆ ನೋಡ್ಲಿ?"

"ಹಾಗಾದ್ರೆ ಡ್ವೈಟ್ ಹತ್ರ ಹೋಗು. ಹೋಗಿ ತಪ್ಪಾಯ್ತು ಅನ್ನು. ನಿನ್ನ ನಾಲಗೆ ಏನು ಬಿದ್ದೋಗಲ್ಲ."

ಅವನು ಹೋದ. ಆಸ್ಬಿಯವರ ಫಾರಮ್ಮಿನ ಗೇಟಿನ ತನಕ ಹೋದ. ದೂರದಲ್ಲಿ ಡ್ವೈಟ್ ಬೇಲಿಯ ತಂತಿ ಬಿಗಿಯುತ್ತಿದ್ದನಂತೆ, ತಲೆಯೆತ್ತಿ ಪಿಕಪ್ ಕಡೆ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದನಂತೆ. ಮೆರ್ಲ್ ಇಂಜಿನ್ ಆರಿಸದೆ ಸ್ವಲ್ಪ ಹೊತ್ತು ಕೂತಿದ್ದು ಗಾಡಿ ತಿರುಗಿಸಿಕೊಂಡು ಬಂದುಬಿಟ್ಟ. ಇದನ್ನು ಅವನು ನನಗೆ ಹೇಳಿದ್ದು ಬಹಳ ದಿನಗಳ ಮೇಲೆ.

ಅಭ್ಯಾಸ ಶುರುವಾಗುವ ಹಿಂದಿನ ದಿನ ಮೆರ್ಲ್ ಬಂದ. ವೇಲನ್ ಕೆಲಸದಿಂದ ಬಂದು ಕೈ ತೊಳೆಯುತ್ತಿದ್ದ. ಮೆರ್ಲ್ ಬಾಗಿಲಲ್ಲೇ ನಿಂತು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆ ಇಬ್ಬರು ಹುಡುಗರು ನನ್ನ ಮಾತು ನಂಬಿ ಒಳ್ಳೆಯ ಕಾಲೇಜು ಬಿಟ್ಟು ಬಂದಿದ್ದಾರೆ, ನನ್ನ ಸೊಕ್ಕಿಗೆ ಅವರು ಯಾಕೆ ಬೀದಿಗೆ ಬೀಳಬೇಕು ಅಂತ ನನ್ನ ಕಡೆ ನೋಡಿ ಹೇಳಿದ. ಆಮೇಲೆ ಹುಡುಗನ ಕಡೆ ತಿರುಗಿದ.

"ನಾಳೆ ಬಾ," ಅಂದ.

"ಬರ್ತೀನಿ ಕೋಚ್," ಅಂದ ವೇಲನ್. ಅಷ್ಟೇ. ಇಡೀ ಬೇಸಿಗೆ ನುಂಗಿಕೊಂಡಿದ್ದ ಮಾತು ಅಷ್ಟರಲ್ಲಿ ಮುಗಿಯಿತು. ಅವತ್ತು ಹುಡುಗ ಊಟ ಮಾಡುವಾಗ ಶಿಳ್ಳೆ ಹಾಕುತ್ತಿದ್ದ. ಬೈಯಬೇಕು ಅಂದುಕೊಂಡವಳು ಬೈಯಲಿಲ್ಲ. ಎಲ್ಲ ಸರಿಹೋಯಿತು ಅಂತ ನಾನೂ ನಂಬಿದೆ.

ಮೊದಲ ಅಭ್ಯಾಸಕ್ಕೆ ನಾನು ಹೋಗುವುದು ಮೊದಲಿನಿಂದಲೂ ವಾಡಿಕೆ. ವರ್ಷದ ಮೊದಲ ಟವೆಲು ಎಸೆದು ಬರುತ್ತೇನೆ. ಕೋಣೆಯಲ್ಲಿ ಒಂಬತ್ತು ಹುಡುಗರು ಮೈ ಬಿಸಿಮಾಡಿಕೊಳ್ಳುತ್ತಿದ್ದರು. ಗ್ರಿಂಡಲ್ ಕಾಫಿ ಲೋಟ ಹಿಡಿದು ಬಾಗಿಲಿಗೆ ಒರಗಿದ್ದ. ವೇಲನ್ ಅವನ ಪಕ್ಕದಿಂದ ಕಾಲುಚೀಲದಲ್ಲಿ ಒಳಗೆ ಬಂದು ಚಾಪೆಯ ಅಂಚಿನಲ್ಲಿ ನಿಂತ. ಮೆರ್ಲ್ ಗೋಡೆಯ ಹತ್ತಿರ ಹೋದ. ಕೊನೆಯ ಮೊಳೆಯಿಂದ ಶೂ ತೆಗೆದ. ಆ ಗೋಡೆಯಿಂದ ಶೂ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಓಡುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ನಿಂತರು.

"ಹಾಕ್ಕೋ," ಅಂದ ಮೆರ್ಲ್.

ವೇಲನ್ ಕೂತು ಹಾಕಿಕೊಂಡ. ಲೇಸು ಕಟ್ಟುವಾಗ ತಲೆ ಎತ್ತಲಿಲ್ಲ. ಬಾಗಿಲಿನಿಂದ ಗ್ರಿಂಡಲ್ ಬೆರಳಿನಲ್ಲಿ ಎಣಿಸಿ, ಹತ್ತು, ಭೇಷ್ ಅಂದ. ಅವನೊಬ್ಬನಿಗೇ ಆ ಕೋಣೆಯಲ್ಲಿ ಏನಾಗುತ್ತಿದೆ ಅಂತ ಗೊತ್ತಿರಲಿಲ್ಲ.

ಮೆರ್ಲ್ ಸೀಟಿ ಊದಿ ಜೋಡಿಯಾಗಿ ಅಂದ. ಹುಡುಗರು ಇಬ್ಬಿಬ್ಬರಾಗಿ ಒಬ್ಬರ ಮಣಿಕಟ್ಟು ಒಬ್ಬರು ಹಿಡಿದುಕೊಂಡರು. ನಾಲ್ಕು ಜೋಡಿಯಾಯಿತು. ಉಳಿದವರು ವೇಲನ್ ಮತ್ತು ಕರ್ಟ್ ಆಸ್ಬಿ. ತೂಕದಲ್ಲೂ ಇಬ್ಬರೂ ಹತ್ತಿರದವರೇ. ವೇಲನ್ ಚಾಪೆಯ ನಡುವೆ ಬಂದು ಮಂಡಿ ಬಗ್ಗಿಸಿ ನಿಂತ. ಕರ್ಟ್ ಅವನನ್ನು ದಾಟಿಕೊಂಡು ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತ. ಅವನ ತಲೆಯ ಮೇಲೆ ಡ್ವೈಟ್‌ನ ಶೂ ನೇತಾಡುತ್ತಿದ್ದವು.

ಮೆರ್ಲ್ ಅವನ ಹೆಸರು ಹಿಡಿದು ಎದ್ದೇಳು ಅಂದ.

"ಇಲ್ಲ ಕೋಚ್," ಅಂದ ಕರ್ಟ್. ಸಿಟ್ಟು ಇರಲಿಲ್ಲ ಮಾತಿನಲ್ಲಿ. "ಬೇರೆ ಯಾರ ಜೊತೆ ಬೇಕಾದ್ರೂ ಆಡ್ತೀನಿ. ನಮ್ಮಣ್ಣ ಇಲ್ಲಿಗೆ ಬಂದ ದಿನ ನಾನು ಹೊರಗೆ ಗಾಡೀಲಿ ಕೂತಿದ್ದೆ. ವಾಪಸ್ ಬಂದು ಕೀ ಹಾಕಕ್ಕೆ ಅವನ ಕೈಲಿ ಆಗ್ಲಿಲ್ಲ. ನಾನೇ ಗಾಡಿ ಓಡಿಸ್ಕೊಂಡು ಮನೆಗೆ ಹೋದೆ. ನನಗಿನ್ನೂ ಲೈಸೆನ್ಸ್ ಇರ್ಲಿಲ್ಲ."

ಮೆರ್ಲ್ ಉಳಿದವರ ಕಡೆ ತಿರುಗಿ, ಹತ್ತಿರ ನಿಂತಿದ್ದ ಒಬ್ಬನಿಗೆ ನೀನು ವೇಲನ್ ಜೊತೆ ಹೋಗು ಅಂದ. ಒಳ್ಳೆಯ ಕಾಲೇಜು ಬಿಟ್ಟು ಬಂದವರಲ್ಲಿ ಒಬ್ಬ ಅವನು. ಅವನಿಗೋಸ್ಕರವೇ ಮೆರ್ಲ್ ಮೊಳೆಯಿಂದ ಶೂ ತೆಗೆದದ್ದು. ಹುಡುಗ ಚಾಪೆ ನೋಡಿದ. ತನ್ನ ಜೋಡಿಯ ಮಣಿಕಟ್ಟು ಬಿಡಲಿಲ್ಲ. ಮೆರ್ಲ್ ಇನ್ನೊಬ್ಬನನ್ನು ನೋಡಿದ, ಅವನೂ ಅಲ್ಲಾಡಲಿಲ್ಲ. ಕೆಟ್ಟ ಹುಡುಗರಲ್ಲ ಅವರು. ಅಪ್ಪನ ಕೈ ಹಿಡಿದುಕೊಂಡು ಬಂದು ಆ ಗೋಡೆ ನೋಡಿ ಬೆಳೆದವರು, ವೇಲನ್ ಶೂ ಬಿಟ್ಟ ದಿನ ಎದ್ದು ನಿಂತು ಅತ್ತವರು. ಇಳಿಸಿದ ಶೂ ಹಾಕಿಕೊಂಡವನನ್ನು ಹೇಗೆ ಮುಟ್ಟಬೇಕು ಅಂತ ಅವರಿಗೆ ಯಾರೂ ಕಲಿಸಿರಲಿಲ್ಲ. ಕೋಣೆಯ ನಡುವೆ ನನ್ನ ಮೊಮ್ಮಗ ಮಂಡಿ ಬಗ್ಗಿಸಿಕೊಂಡು, ಎರಡು ಕೈ ಮುಂದೆ ಚಾಚಿಕೊಂಡು, ಯಾರಾದರೂ ಬರುತ್ತಾರೆ ಅಂತ ಹಾಗೇ ಕಾಯುತ್ತಿದ್ದ.

ಮೆರ್ಲ್ ಕೊರಳಿನ ಸೀಟಿ ತೆಗೆದು ನನ್ನ ಕೈಗೆ ಕೊಟ್ಟ. ಟೋಪಿಯನ್ನು ಬೆಂಚಿನ ಮೇಲಿಟ್ಟ. ಕುಂಟುತ್ತಾ ಹೋಗಿ ವೇಲನ್‌ನ ಎದುರು ನಿಂತು ಅವನೂ ಬಗ್ಗಿದ.

"ಬೇಡ ಕೋಚ್," ಅಂದ ವೇಲನ್.

"ಹಿಡಿಯೋ," ಅಂದ ಮೆರ್ಲ್. ಹುಡುಗ ಕದಲಲಿಲ್ಲ. ಮೆರ್ಲ್ ಅವನ ಕುತ್ತಿಗೆಯ ಹಿಂದಕ್ಕೆ ಫಟ್ ಅಂತ ಒಂದು ಕೊಟ್ಟ, ಮತ್ತೊಂದು ಕೊಟ್ಟ, ಆಮೇಲೆ ಆ ಉಕ್ಕಿನ ಕಾಲನ್ನು ಎಳೆದುಕೊಂಡೇ ಅವನ ತೊಡೆಗೆ ನುಗ್ಗಿದ. ವೇಲನ್‌ನ ಮೈ ತಾನಾಗಿ ತಿರುಗಿತು. ಇದೇ ಮೆರ್ಲ್ ಕಲಿಸಿದ ಪಟ್ಟು, ಅದಕ್ಕೆ ಯೋಚನೆ ಬೇಕಾಗಿಲ್ಲ. ಆದರೆ ಬೀಳಿಸುವಾಗ ಅವನು ಒಂದು ಕೈಯನ್ನು ಮುದುಕನ ತಲೆಯ ಕೆಳಗೆ ಕೊಟ್ಟ. ಕೂಸನ್ನು ಮಲಗಿಸುವ ಹಾಗೆ ಮೆಲ್ಲಗೆ ಮಲಗಿಸಿದ. ಮೆರ್ಲ್‌ನ ಎರಡು ಭುಜವೂ ಚಾಪೆಗೆ ಹತ್ತಿದವು. ಆ ಕೋಣೆಯಲ್ಲಿ ಅವನ ಬೆನ್ನು ನೆಲ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಪೆಟ್ಟೇನೂ ಆಗಿರಲಿಲ್ಲ. ಏಳಲಿಲ್ಲ, ಮೇಲಿನ ದೀಪ ನೋಡುತ್ತಾ ಮಲಗೇ ಇದ್ದ.

ನಾನು ಟವೆಲು ಎಸೆದೆ. ಅದು ವೇಲನ್‌ನ ಬೆನ್ನಿಗೆ ಬಿತ್ತು. ಇನ್ನೇನು ಮಾಡಲಿ, ಮುಗಿದದ್ದನ್ನು ಹೇಳುವುದು ನನ್ನ ಕೆಲಸ.

ವೇಲನ್ ಅಲ್ಲೇ ಕೂತು ಶೂ ಬಿಚ್ಚಿದ. ಈ ಸಲ ಚಾಪೆಯ ಮೇಲೆ ಇಡಲಿಲ್ಲ. ಒಂದು ಕೈಯಿಂದ ಮೆರ್ಲ್‌ನನ್ನು ಎಬ್ಬಿಸಿ ನಿಲ್ಲಿಸಿ, ಇನ್ನೊಂದು ಕೈಯಿಂದ ಶೂಗಳನ್ನು ಅವನ ಎದೆಗೆ ಒತ್ತಿ, ಅವನು ಹಿಡಿದುಕೊಳ್ಳುವ ತನಕ ಕಾದ. ಗೋಡೆಯ ಹತ್ತಿರ ಹೋಗಿ ಕರ್ಟ್‌ನ ಮುಂದೆ ನಿಂತ.

"ಎದ್ದೇಳು, ನೀನು ಆಡು," ಅಂದ. "ನಿಮ್ಮಣ್ಣನಿಗೆ ಹೇಳು, ಅವನು ಬಾಗಿಲಲ್ಲಿ ನಿಂತಾಗ ನಾನೂ ಏನೂ ಮಾತಾಡ್ಲಿಲ್ಲ ಅಂತ."

ಕರ್ಟ್ ಮುಖ ಮುಚ್ಚಿಕೊಂಡ. ವೇಲನ್ ಬಾಗಿಲು ದಾಟಿ ಹೋದ. ಗ್ರಿಂಡಲ್ ಅವನಿಗೆ ದಾರಿ ಬಿಟ್ಟು, ಮತ್ತೆ ಒಳಗೆ ನೋಡಿ ಬೆರಳು ಮಡಿಸಿದ. ಒಂಬತ್ತಾ ಅಂತ ಕೇಳಿದ, ಮರ್ಯಾದೆಯಿಂದಲೇ ಕೇಳಿದ. ಟವೆಲು ಚಾಪೆಯ ನಡುವೆ ಬಿದ್ದಿತ್ತು, ನನ್ನ ಕೈಯಲ್ಲಿ ಸೀಟಿ ಬಿಟ್ಟರೆ ಏನೂ ಇರಲಿಲ್ಲ.

ಆ ಕೋಣೆಯಲ್ಲಿ ಈಗ ಓಡುವ ಯಂತ್ರಗಳಿವೆ. ಚಾಪೆಯನ್ನು ಬ್ರಿಸ್ಕೋದವರು ಲಾರಿಯಲ್ಲಿ ಒಯ್ದರು. ಗೋಡೆಗೆ ಬಣ್ಣ ಹೊಡೆಯುವ ಮುಂಚೆ ಮೆರ್ಲ್ ಎಲ್ಲ ಶೂಗಳನ್ನೂ ಇಳಿಸಿ, ಅವರವರ ಮನೆ ಹುಡುಕಿಕೊಂಡು ಹೋಗಿ ಕೊಟ್ಟುಬಂದ. ಡ್ವೈಟ್‌ನ ಶೂ ಮಾತ್ರ ಇನ್ನೂ ಮೆರ್ಲ್‌ನ ಪಿಕಪ್ಪಿನ ಸೀಟಿನ ಮೇಲಿವೆ. ಈ ಚಳಿಗಾಲ ಮತ್ತೆ ವೆಸ್ಟರ್ನ್ ಸಮಿಟ್‌ನ ಮಾತು ಎದ್ದಿದೆ. ಕುಸ್ತಿಯ ತೊಡಕು ಹೇಗೂ ಇಲ್ಲವಲ್ಲ, ಈ ಸಲ ಸುಲಭ ಅಂತ ಗ್ರಿಂಡಲ್ ಹೇಳಿದನಂತೆ.

ವೇಲನ್ ಓದು ಮುಗಿಸಿ ಗೋದಾಮಿನಲ್ಲೇ ಇದ್ದಾನೆ. ಓಡುವುದನ್ನು ಬಿಟ್ಟ, ನಾನು ಮಾಡಿದ ಸಿಹಿ ಬಡಿಸಿದಷ್ಟೂ ತಿನ್ನುತ್ತಾನೆ, ಮೈ ಬಂದಿದೆ. ಭಾನುವಾರ ಮೆರ್ಲ್ ಊಟಕ್ಕೆ ಬರುತ್ತಾನೆ. ಇಬ್ಬರೂ ಎದುರುಬದುರು ಕೂತು ಗೋಧಿಯ ಬಗ್ಗೆ, ಆಲಿಕಲ್ಲಿನ ಬಗ್ಗೆ ಮಾತಾಡುತ್ತಾರೆ. ಜಗಳವೇನೂ ಇಲ್ಲ. ಹುಡುಗ ತಟ್ಟೆ ಮುಂದಕ್ಕೆ ಚಾಚಿ, ಇನ್ನೂ ಸ್ವಲ್ಪ ಹಾಕಿಕೋ ತಾತ ಅನ್ನುತ್ತಾನೆ. ನಾನು ವರ್ಷಗಟ್ಟಲೆ ತಿದ್ದಿದರೂ ಬಾರದ ಮಾತು ಈಗ ತಾನಾಗಿ ಬಂದಿದೆ. ಮೆರ್ಲ್‌ಗೆ ಪ್ರತಿ ಸಲವೂ ತನ್ನನ್ನೇ ಕರೆದದ್ದು ಅಂತ ಗೊತ್ತಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ.